ಶನಿವಾರ–ಭಾನುವಾರದ ಕರಾಟೆ ಕ್ಯಾಂಪಿಗೆ ಹೊರಟವರಿಗೆ: ಕಾಸರಗೋಡು ಕಡೆಯ ಒಂದು ಕೈಪಿಡಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ. ಯಾವ ಪೇಟೆಗೆ ಹೋದರೂ ಸಂಜೆ ಹೊತ್ತು ಬಿಳಿ ಡ್ರೆಸ್ ಹಾಕಿ, ಬೆಲ್ಟನ್ನು ಕೈಯಲ್ಲಿ ಸುತ್ತಿಕೊಂಡು ಕರಾಟೆ ಕ್ಲಾಸಿಗೆ ಹೋಗುವ ಮಕ್ಕಳು ಕಾಣುತ್ತಾರೆ. ಈಗೀಗ ದೊಡ್ಡವರೂ ಇದ್ದಾರೆ. ಆಗಾಗ ಮಾಸ್ಟ್ರು ಒಂದು ನೋಟಿಸು ಕೊಡುತ್ತಾರೆ: ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆವರೆಗೆ ಕ್ಯಾಂಪ್, ಊಟ ವಸತಿ ಅಲ್ಲೇ. ಆಗ ಮನೆಯಲ್ಲಿ ಪ್ರಶ್ನೆ ಶುರು. ಕಳಿಸಬೇಕಾ? ಎಂಥದ್ದೆಲ್ಲ ಒಯ್ಯಬೇಕು? ಪೆಟ್ಟಾದರೆ ಯಾರು ನೋಡುತ್ತಾರೆ?

ಹೋಗುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಆದರೆ ಎಂಥದಕ್ಕೆ ಹೋಗುವುದು ಅಂತ ಗೊತ್ತಿರಬೇಕು. ಎರಡು ದಿನದಲ್ಲಿ ಯಾರೂ ಹೊಸ ಕರಾಟೆ ಕಲಿತು ಬರುವುದಿಲ್ಲ. ವಾರದ ಕ್ಲಾಸಿನಲ್ಲಿ ಮೂವತ್ತು ಮಕ್ಕಳ ನಡುವೆ ಮಾಸ್ಟ್ರ ಕಣ್ಣಿಗೆ ಬೀಳದ ತಪ್ಪು ಕ್ಯಾಂಪಿನಲ್ಲಿ ಬೀಳುತ್ತದೆ, ಅದನ್ನು ತಿದ್ದಲು ಅಲ್ಲಿ ಸಮಯವೂ ಉಂಟು. ಒಂದೋ ಎರಡೋ ತಪ್ಪು ಸರಿಯಾದರೆ ಕೊಟ್ಟ ಹಣ ವಸೂಲಿ. ಮುಂದೆ ಬರೆದದ್ದೆಲ್ಲ ಈ ಲೆಕ್ಕದಲ್ಲೇ ಬರೆದದ್ದು.

ಹಣ ಕಟ್ಟುವ ಮೊದಲು ಕೇಳಬೇಕಾದದ್ದು

ಮೊದಲ ಪ್ರಶ್ನೆ, ಯಾವ ಶೈಲಿ? ನಮ್ಮ ಕಡೆ ಶೊಟೊಕಾನ್, ಗೊಜು ರ್ಯು, ಶಿತೊ ರ್ಯು, ವಾಡೊ ರ್ಯು ಎಂಬ ಹೆಸರುಗಳು ಕೇಳಿಬರುತ್ತವೆ. ವಿಶ್ವ ಕರಾಟೆ ಫೆಡರೇಶನ್ ಸ್ಪರ್ಧೆಗೆ ಒಪ್ಪಿದ ದೊಡ್ಡ ಶೈಲಿಗಳೂ ಈ ನಾಲ್ಕೇ. ಶೊಟೊಕಾನಿನಲ್ಲಿ ನಿಲುವು ಉದ್ದ ಮತ್ತು ತಗ್ಗು. ಗೊಜು ರ್ಯುನಲ್ಲಿ ಗಿಡ್ಡ ನಿಲುವು, ಉಸಿರಾಟಕ್ಕೆ ಒತ್ತು ಜಾಸ್ತಿ. ಬೇರೆ ಶೈಲಿಯ ಕ್ಯಾಂಪಿಗೆ ಹೋಗಬಾರದು ಅಂತಿಲ್ಲ. ಆದರೆ ಬಿಳಿ ಅಥವಾ ಹಳದಿ ಬೆಲ್ಟಿನ ಮಕ್ಕಳಿಗೆ ಅದು ಗೊಂದಲ. ಇಲ್ಲಿ ಸರಿ ಅಂದದ್ದನ್ನು ಅಲ್ಲಿ ತಪ್ಪು ಅನ್ನುತ್ತಾರೆ. ಹಸಿರು, ನೀಲಿ ದಾಟಿದ ಮೇಲೆ ಹೋದರೆ ಚೆನ್ನ.

ಬೇರೆ ಬೇರೆ ಶೈಲಿಯವರು ಸೇರುವ ಕ್ಯಾಂಪಾದರೆ ಒಂದು ವಿಷಯ ನೆನಪಿಡಿ. ಕಟಾ ಅಂದರೆ ಒಂದರ ಹಿಂದೆ ಒಂದು ಬರುವ ಹೊಡೆತ, ತಡೆ, ಹೆಜ್ಜೆಗಳ ನಿಗದಿಯಾದ ಸರಣಿ. ಶೊಟೊಕಾನಿನವರು ‘ಹೇಯಾನ್’ ಅನ್ನುವ ಕಟಾಗಳನ್ನೇ ಶಿತೊ ರ್ಯು, ವಾಡೊ ರ್ಯುನವರು ‘ಪಿನಾನ್’ ಅನ್ನುತ್ತಾರೆ. ಅದರಲ್ಲೂ ಮೊದಲ ಎರಡು ಅದಲು ಬದಲು. ನಿಮ್ಮ ಹೇಯಾನ್ ಶೊದಾನ್ (ಮೊದಲನೆಯದು) ಅವರಿಗೆ ಪಿನಾನ್ ನಿದಾನ್ (ಎರಡನೆಯದು). ಇದು ಗೊತ್ತಿಲ್ಲದೆ ಇಡೀ ಸಾಲು ಒಂದು ಕಡೆ ತಿರುಗುವಾಗ ನೀವೊಬ್ಬರೇ ಇನ್ನೊಂದು ಕಡೆ ತಿರುಗಿ ನಿಲ್ಲುವುದು ಬೇಡ.

ಎರಡನೆಯದು, ಕಲಿಸುವವರು ಯಾರು, ಎಷ್ಟು ಜನ? ನೂರು ಮಕ್ಕಳಿಗೆ ಇಬ್ಬರು ಅಂದರೆ ಅದು ಡ್ರಿಲ್ಲು, ತಿದ್ದುವ ಕ್ಯಾಂಪಲ್ಲ. ಹದಿನೈದು ಇಪ್ಪತ್ತು ಜನರಿಗೆ ಒಬ್ಬರಾದರೂ ಇರಬೇಕು. ಹೆಣ್ಣುಮಕ್ಕಳು ಬರುವುದಾದರೆ ಮಹಿಳಾ ಶಿಕ್ಷಕಿಯೋ ತಾಯಂದಿರಲ್ಲಿ ಯಾರಾದರೂ ಒಬ್ಬರೋ ರಾತ್ರಿ ಅಲ್ಲೇ ಉಳಿಯುತ್ತಾರಾ, ಮಲಗಲು ಬೇರೆ ಕೋಣೆ ಉಂಟಾ, ಅದಕ್ಕೆ ಚಿಲಕ ಸರಿ ಉಂಟಾ ಅಂತ ಬಾಯಿಬಿಟ್ಟು ಕೇಳಿ. ಮುಜುಗರ ಬೇಡ. ಸರಿಯಾದ ಮಾಸ್ಟ್ರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಕಳಿಸುವುದು ಬೇಡ.

ಮೂರನೆಯದು, ನೆಲ. ಇದನ್ನು ಕೇಳುವವರು ಕಡಿಮೆ. ಶಾಲೆಯ ಹಾಲಾ, ದೇವಸ್ಥಾನದ ಸಭಾಭವನವಾ, ಮೈದಾನವಾ? ಟೈಲ್ಸ್ ನೆಲಕ್ಕೆ ಬೆವರು ಬಿದ್ದರೆ ಜಾರುತ್ತದೆ. ನಮ್ಮ ಮುರಕಲ್ಲಿನ ಮೈದಾನದಲ್ಲಿ ಬರಿಗಾಲಲ್ಲಿ ಒಂದು ಗಂಟೆ ತಿರುಗಿದರೆ ಅಂಗಾಲಿನ ಚರ್ಮ ಎದ್ದು ಬರುತ್ತದೆ. ಮ್ಯಾಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಿಮೆಂಟ್ ನೆಲವೂ ಸಾಕು. ಮೈದಾನವೇ ಆದರೆ ಹಳೆಯ ಕ್ಯಾನ್ವಾಸ್ ಶೂ ಒಂದು ಜೊತೆ ಹಿಡಿದುಕೊಳ್ಳಿ.

ಕೊನೆಗೆ, ಭಾನುವಾರ ಗ್ರೇಡಿಂಗ್ (ಬೆಲ್ಟಿನ ಪರೀಕ್ಷೆ) ಉಂಟಾ? ಇದ್ದರೆ ಅದರ ಫೀಸು ಬೇರೆಯಾ? ಕ್ಯಾಂಪಿನ ಸರ್ಟಿಫಿಕೇಟ್ ಬೇರೆ, ಬೆಲ್ಟಿನ ಸರ್ಟಿಫಿಕೇಟ್ ಬೇರೆ. ಎರಡು ದಿನದ ಕ್ಯಾಂಪಿನಲ್ಲಿ ಎರಡು ಬೆಲ್ಟ್ ದಾಟಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಬಿಳಿಯಿಂದ ಬ್ಲ್ಯಾಕ್ ಬೆಲ್ಟಿಗೆ ಬಿಡದೆ ಅಭ್ಯಾಸ ಮಾಡಿದರೂ ವರ್ಷಗಟ್ಟಲೆ ಬೇಕು.

ಯಾವ ತಿಂಗಳು

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಆಗ ಹಾಲಿನೊಳಗಿನ ಕ್ಯಾಂಪ್ ಮಾತ್ರ ನಡೆದೀತು. ರೆಡ್ ಅಲರ್ಟ್ ಕೊಟ್ಟರೆ ಅದೂ ಇಲ್ಲ. ಏಪ್ರಿಲ್–ಮೇ ರಜೆಯಲ್ಲಿ ಕ್ಯಾಂಪುಗಳು ಜಾಸ್ತಿ, ಸೆಕೆಯೂ ಜಾಸ್ತಿ. ದಪ್ಪ ಬಟ್ಟೆಯ ಗಿ (ಕರಾಟೆಯ ಬಿಳಿ ಡ್ರೆಸ್) ಹಾಕಿ ಮಧ್ಯಾಹ್ನ ಎರಡು ಗಂಟೆಗೆ ಕುಮಿತೆ (ಇಬ್ಬರು ಎದುರುಬದುರು ನಿಂತು ಮಾಡುವ ಹೋರಾಟ, ಸ್ಪಾರಿಂಗ್) ಮಾಡುವುದು ನಮ್ಮ ಕರಾವಳಿಯಲ್ಲಿ ತಮಾಷೆಯಲ್ಲ. ನನ್ನನ್ನು ಕೇಳಿದರೆ ನವೆಂಬರಿನಿಂದ ಫೆಬ್ರವರಿ.

ಆದರೆ ಆ ಸಮಯಕ್ಕೆ ಬೇರೆಯೇ ಲೆಕ್ಕ ಉಂಟು. ಜಾತ್ರೆ, ಕೋಲ, ತೆಯ್ಯಂ, ಯಕ್ಷಗಾನ, ಮದುವೆ ಎಲ್ಲ ಆಗಲೇ. ಕ್ಯಾಂಪಿನ ಹಾಲಿನ ಹತ್ತಿರ ಆ ಶನಿವಾರ ರಾತ್ರಿ ಯಕ್ಷಗಾನದ ಆಟ ಉಂಟಾ ಅಂತ ಊರಿನವರನ್ನು ವಿಚಾರಿಸಿ. ಬೆಳಗಿನ ಜಾವದವರೆಗೆ ಚೆಂಡೆ ಕೇಳಿಸುತ್ತಿದ್ದರೆ ಮಕ್ಕಳು ನಿದ್ದೆ ಮಾಡುವುದಿಲ್ಲ. ಅರ್ಧ ಜನ ಆಟ ನೋಡಲಿಕ್ಕೇ ಹೋಗಿರುತ್ತಾರೆ, ಕೆಲವು ಮಾಸ್ಟ್ರುಗಳೂ!

ನವೆಂಬರ್ ಮಧ್ಯದಿಂದ ಶಬರಿಮಲೆಯ 41 ದಿನದ ವ್ರತ. ಮಾಲೆ ಹಾಕಿದವರು ಮೊದಲೇ ಹೇಳಿಬಿಡಿ. ಕೊರಳಲ್ಲಿ ಮಾಲೆ ಇಟ್ಟುಕೊಂಡು ಕಟಾ, ಕಿಹೊನ್ (ಪಂಚ್, ಒದೆ, ನಿಲುವಿನ ಮೂಲ ಅಭ್ಯಾಸ) ಮಾಡಬಹುದು. ಸ್ಪಾರಿಂಗ್ ಬೇಡ, ಎದುರಿನವರ ಬೆರಳು ಸಿಕ್ಕಿಕೊಂಡರೆ ಇಬ್ಬರಿಗೂ ತೊಂದರೆ. ರಂಜಾನ್ ತಿಂಗಳಿನಲ್ಲಿ ಉಪವಾಸ ಇರುವವರು ಹಗಲಿಡೀ ನೀರಿಲ್ಲದೆ ಕ್ಯಾಂಪ್ ಮಾಡುವುದು ಅಪಾಯ. ಉಪ್ಪಳ, ಮೊಗ್ರಾಲ್ ಕಡೆಯ ವಿದ್ಯಾರ್ಥಿಗಳು ಇರುವ ಕ್ಲಾಸಾದರೆ ದಿನವನ್ನೇ ಮುಂದೆ ಹಾಕಲು ಕೇಳಿಕೊಳ್ಳುವುದು ಒಳ್ಳೆಯದು.

ಎರಡು ವಾರ ಮೊದಲು

ದಿನಕ್ಕೆ ಇಪ್ಪತ್ತು ನಿಮಿಷ ಬರಿಗಾಲಲ್ಲಿ ಅಭ್ಯಾಸ ಮಾಡಿ. ಪಾದ ಗಟ್ಟಿಯಾಗಲಿ ಅಂತ ಇದು. ಎರಡು ದಿನದಲ್ಲಿ ಏಳೆಂಟು ಗಂಟೆ ನೆಲದ ಮೇಲೆ ತಿರುಗುವಾಗ ಮೊದಲು ಕೈಕೊಡುವುದು ಅಂಗಾಲು. ಬೆಳಿಗ್ಗೆ ಓಡುವ ಅಭ್ಯಾಸ ಇಲ್ಲದವರು ಸ್ವಲ್ಪ ಸ್ವಲ್ಪ ಶುರು ಮಾಡಿ. ಕೊನೆಯ ಎರಡು ದಿನ ಮೈಯನ್ನು ದಣಿಸಬೇಡಿ.

ಒಂದು ನೋಟ್ ಪುಸ್ತಕದಲ್ಲಿ ನಿಮ್ಮ ಎರಡು ತೊಂದರೆ ಬರೆದುಕೊಳ್ಳಿ. ‘ಮಾವಾಶಿ ಗೇರಿ (ಬದಿಯಿಂದ ಸುತ್ತಿ ಬರುವ ಒದೆ) ಹೊಡೆಯುವಾಗ ಬ್ಯಾಲೆನ್ಸ್ ಹೋಗುತ್ತದೆ’, ‘ಹೇಯಾನ್ ನಿದಾನಿನ ತಿರುವಿನಲ್ಲಿ ಕಾಲು ಎಲ್ಲಿಡಬೇಕು ಗೊತ್ತಾಗುವುದಿಲ್ಲ’, ಹೀಗೆ. ಎರಡಕ್ಕಿಂತ ಜಾಸ್ತಿ ಬೇಡ. ಕ್ಯಾಂಪಿನಲ್ಲಿ ಕೇಳಲು ಅವಕಾಶ ಸಿಕ್ಕಾಗ ‘ಏನಿಲ್ಲ ಸರ್’ ಅಂತ ತಲೆ ತಗ್ಗಿಸುವವರೇ ಹೆಚ್ಚು. ಬರೆದದ್ದು ಇದ್ದರೆ ಬಾಯಿ ಬರುತ್ತದೆ.

ಹೊಸ ಗಿ ತಂದಿದ್ದರೆ ಒಂದೆರಡು ಸಲ ಒಗೆದು ಹಾಕಿ. ಹತ್ತಿ ಬಟ್ಟೆ, ಸ್ವಲ್ಪ ಕುಗ್ಗುತ್ತದೆ. ಗಮ್ ಶೀಲ್ಡ್ ತಂದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಕೂರಿಸಿಕೊಳ್ಳುವ ಕೆಲಸವನ್ನು ಮನೆಯಲ್ಲೇ ಮುಗಿಸಿ. ಎಷ್ಟು ಹೊತ್ತು ಅದ್ದಬೇಕು ಅಂತ ಪ್ಯಾಕೆಟ್ಟಿನಲ್ಲಿ ಬರೆದಿರುತ್ತದೆ. ಕೈಕಾಲಿನ ಉಗುರು ಹಿಂದಿನ ದಿನ ಕತ್ತರಿಸಿ. ಎದುರಿನವರ ಮುಖ ಗೀರುವುದು ಹೆಚ್ಚಾಗಿ ಉಗುರೇ.

ಚೀಲದಲ್ಲಿ

ಗಿ ಎರಡು ಜೊತೆ ಇದ್ದರೆ ಎರಡನ್ನೂ ಒಯ್ಯಿರಿ. ನಮ್ಮ ಹವೆಯಲ್ಲಿ ಬೆವರಿನಲ್ಲಿ ಚಂಡಿಯಾದ ಗಿ ಒಂದೇ ರಾತ್ರಿಯಲ್ಲಿ ಒಣಗುವುದಿಲ್ಲ. ಒಂದೇ ಇದ್ದರೆ ಬೆಳಗಿನ ಓಟಕ್ಕೂ ವ್ಯಾಯಾಮಕ್ಕೂ ಟೀ ಶರ್ಟು, ಟ್ರ್ಯಾಕ್ ಪ್ಯಾಂಟ್ ಹಾಕಬಹುದಾ ಅಂತ ಕೇಳಿಟ್ಟುಕೊಳ್ಳಿ. ಬೈರಾಸು ಎರಡು, ಹವಾಯಿ ಚಪ್ಪಲಿ, ಚಾಪೆ, ಹೊದಿಕೆ, ಟಾರ್ಚ್, ಕೊಡೆ, ಸೊಳ್ಳೆಗೆ ಹಚ್ಚುವ ಮುಲಾಮು, ಚಂಡಿ ಬಟ್ಟೆಗೆ ಪ್ಲಾಸ್ಟಿಕ್ ಚೀಲ. ಎರಡು ಲೀಟರಿನ ನೀರಿನ ಬಾಟಲಿ, ಅದರ ಮೇಲೆ ಹೆಸರು. ಹೆಸರಿಲ್ಲದ ಬಾಟಲಿ ಮಧ್ಯಾಹ್ನದೊಳಗೆ ಊರಿಗೆಲ್ಲ ಸೇರಿದ್ದಾಗುತ್ತದೆ.

ಹ್ಯಾಂಡ್ ಗ್ಲೌಸ್, ಶಿನ್ ಗಾರ್ಡ್, ಗಮ್ ಶೀಲ್ಡ್, ಗಂಡುಮಕ್ಕಳಿಗೆ ಗ್ರೋಯಿನ್ ಗಾರ್ಡ್, ಹೆಣ್ಣುಮಕ್ಕಳಿಗೆ ಚೆಸ್ಟ್ ಗಾರ್ಡ್. ಇವು ನಿಮ್ಮದೇ ಇದ್ದರೆ ಒಳ್ಳೆಯದು. ಗಮ್ ಶೀಲ್ಡನ್ನಂತೂ ಬೇರೆಯವರಿಂದ ಕಡ ತರಬೇಡಿ.

ದಮ್ಮು ಇರುವವರು ಇನ್‌ಹೇಲರನ್ನು ಚೀಲದ ತಳದಲ್ಲಿ ಹುಗಿಯದೆ ನೀರಿನ ಬಾಟಲಿಯ ಪಕ್ಕವೇ ಇಡಿ. ಮಾಸ್ಟ್ರಿಗೂ ತೋರಿಸಿ. ಫಿಟ್ಸ್, ಹೃದಯದ ತೊಂದರೆ, ಹಳೆಯ ಮೂಳೆಮುರಿತ, ಯಾವುದನ್ನೂ ಮುಚ್ಚಿಡಬೇಡಿ. ಚಿನ್ನದ ಸರ, ಉಂಗುರ, ಬಳೆ ಮನೆಯಲ್ಲೇ ಇರಲಿ. ಕರಿಮಣಿ ತೆಗೆಯಲು ಇಷ್ಟ ಇಲ್ಲದವರು ಒಳಗಿನ ಟೀ ಶರ್ಟಿಗೆ ಟೇಪು ಹಾಕಿ ಭದ್ರ ಮಾಡಿ. ಓಲೆಯನ್ನು ಬಿಚ್ಚಲೇಬೇಕು.

ಹೋಗುವ ದಾರಿ

ಮಂಗಳೂರು ಕಡೆಯವರಿಗೆ ಸುಲಭ. ಕಾಸರಗೋಡು ಸುಮಾರು 50 ಕಿಲೋಮೀಟರ್. ತಲಪಾಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕರ್ನಾಟಕದ ಬಸ್ಸೂ ಕೇರಳದ ಬಸ್ಸೂ ಓಡುತ್ತವೆ, ರೈಲೂ ಉಂಟು. ಸುಳ್ಯದಿಂದ ಜಾಲ್ಸೂರು–ಮುಳ್ಳೇರಿಯ–ಚೆರ್ಕಳ ದಾರಿ. ವಿಟ್ಲದವರಿಗೆ ಅಡ್ಯನಡ್ಕ–ಪೆರ್ಲ–ಬದಿಯಡ್ಕ. ಬರುವುದು ಕಷ್ಟ ಇಲ್ಲ, ವಾಪಸು ಹೋಗುವುದೇ ತಲೆನೋವು. ಭಾನುವಾರ ಒಳಊರುಗಳ ಬಸ್ಸು ಕಡಿಮೆ, ಕೆಲವು ಕಡೆ ಸಂಜೆಯ ಟ್ರಿಪ್ಪೇ ಇಲ್ಲ. ಕ್ಯಾಂಪ್ ನಾಲ್ಕಕ್ಕೆ ಮುಗಿಯುತ್ತದೆ ಅಂದರೆ ಐದೂವರೆ ಅಂತ ತಿಳಿದುಕೊಳ್ಳಿ. ಸಮಾರೋಪದಲ್ಲಿ ಎಲ್ಲರೂ ಎರಡೆರಡು ಮಾತಾಡುತ್ತಾರೆ.

ಶನಿವಾರ ಬೆಳಿಗ್ಗೆ: ಸಾಲು ಮತ್ತು ಸದ್ದು

ಬಾಗಿಲಲ್ಲಿ ಚಪ್ಪಲಿಯನ್ನು ಸಾಲಾಗಿ ಬಿಟ್ಟು, ತಲೆಬಾಗಿ ಒಳಗೆ ಬನ್ನಿ. ಗಿಯ ಎಡಗಡೆಯ ಮಡಿಕೆ ಬಲಗಡೆಯದರ ಮೇಲೆ ಬರಬೇಕು. ಜಪಾನಿನಲ್ಲಿ ತಿರುಗಾಮುರುಗಾ ಉಡಿಸುವುದು ಹೆಣಕ್ಕೆ. ಬೆಲ್ಟಿನ ಎರಡು ತುದಿಯೂ ಒಂದೇ ಉದ್ದಕ್ಕೆ ಇರಲಿ. ಗಂಟು ಕಟ್ಟಲು ಬಾರದ ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಕಲಿಸಿ ಕಳಿಸಿ. ಅಲ್ಲಿ ಪ್ರತಿ ಬ್ರೇಕಿನಲ್ಲೂ ಕಟ್ಟಿಕೊಡಲು ಯಾರಿಗೂ ಪುರುಸೊತ್ತಿಲ್ಲ.

ಸಾಲಿನಲ್ಲಿ ನಿಮ್ಮ ಜಾಗ ನಿಮ್ಮ ಬೆಲ್ಟಿನ ಪ್ರಕಾರ. ಮಾಸ್ಟ್ರಿಗೆ ಎದುರಾಗಿ ನಿಂತಾಗ ಸೀನಿಯರುಗಳು ಬಲತುದಿಯಲ್ಲಿ, ಬಿಳಿ ಬೆಲ್ಟಿನವರು ಎಡತುದಿಯಲ್ಲಿ ಅಥವಾ ಹಿಂದಿನ ಸಾಲಿನಲ್ಲಿ. ಹೆಚ್ಚಿನ ಕಡೆ ಇದೇ ಪದ್ಧತಿ. ‘ಸೇಜಾ’ ಅಂದಾಗ ಮೊದಲು ಎಡ ಮಂಡಿ ಊರಿ, ಆಮೇಲೆ ಬಲ. ‘ಮೊಕುಸೊ’ ಅಂದರೆ ಕಣ್ಣು ಮುಚ್ಚಿ ಸುಮ್ನೆ ಕೂರುವುದು. ‘ರೇ’ ಅಂದಾಗ ನಮಸ್ಕಾರ. ‘ಹಜಿಮೆ’ ಶುರು, ‘ಯಮೆ’ ನಿಲ್ಲಿಸು, ‘ಮಾವತ್ತೆ’ ತಿರುಗು. ಎಣಿಕೆ ಇಚಿ, ನಿ, ಸನ್, ಶಿ, ಗೊ, ರೊಕು, ಶಿಚಿ, ಹಚಿ, ಕು, ಜು. ತಡವಾಗಿ ಬಂದರೆ ನೇರ ಸಾಲಿಗೆ ನುಗ್ಗಬೇಡಿ. ಅಂಚಿನಲ್ಲಿ ನಿಂತಿರಿ, ಕರೆದಾಗ ಸೇರಿಕೊಳ್ಳಿ.

ಆಜ್ಞೆಗಳೆಲ್ಲ ಜಪಾನಿಯಾದ್ದರಿಂದ ಮಲಯಾಳಂ ಬಾರದವರಿಗೂ ಅರ್ಧ ಕೆಲಸ ಸಲೀಸು. ವಿವರಣೆ ಮಾತ್ರ ಮಾಸ್ಟ್ರ ಬಾಯಿಗೆ ಬಂದ ಭಾಷೆಯಲ್ಲಿ. ಮಂಜೇಶ್ವರ ಕಡೆ ತುಳುವೋ ಕನ್ನಡವೋ ಸಿಕ್ಕೀತು, ಕಾಞಂಗಾಡಿನವರು ಬಂದರೆ ಮಲಯಾಳಂ. ಸುಳ್ಯ, ಪುತ್ತೂರಿನಿಂದ ಬರುವವರು ಇಷ್ಟು ಕಲಿತಿರಲಿ: ಇಡತ್ತ್ ಅಂದರೆ ಎಡ, ವಲತ್ತ್ ಬಲ, ಮುಟ್ಟ್ ಅಂದರೆ ಮಂಡಿ, ಮಡಕ್ಕ್ ಅಂದರೆ ಮಡಚು, ಪತುಕ್ಕೆ ನಿಧಾನ. ತೋಳ್ ಅಂದರೆ ಅವರಿಗೆ ಭುಜ. ‘ತೋಳು ಇಳಿಸು’ ಅಂದಾಗ ಕೈಯನ್ನೇ ಕೆಳಗೆ ಬಿಟ್ಟರೆ ಇನ್ನೊಂದು ಬೈಗುಳ. ಮಾಸ್ಟ್ರನ್ನು ‘ಸೆನ್ಸೈ’ ಅಂತ ಕರೆದರೆ ಎಲ್ಲ ಕಡೆಯೂ ನಡೆಯುತ್ತದೆ. ‘ಸರ್’, ‘ಮಾಷ್’ ಅಂದರೂ ಯಾರೂ ಸಿಟ್ಟಾಗುವುದಿಲ್ಲ.

ಕಿಹೊನ್: ಇಲ್ಲೇ ಜಾಸ್ತಿ ಗಮನ ಕೊಡಿ

ಮಕ್ಕಳಿಗೆ ಇದು ಬೋರು. ಒಂದೇ ಪಂಚ್ ನೂರು ಸಲ, ಒಂದೇ ಹೆಜ್ಜೆ ಹಾಲಿನ ಈ ತುದಿಯಿಂದ ಆ ತುದಿಗೆ. ಎಲ್ಲರ ಕಣ್ಣೂ ಮಧ್ಯಾಹ್ನದ ಸ್ಪಾರಿಂಗ್ ಮೇಲೆ. ಆದರೆ ತಿದ್ದುವ ಕೆಲಸ ನಡೆಯುವುದು ಕಿಹೊನಿನಲ್ಲಿ. ಕ್ಯಾಂಪಿನ ಹಣ ವಸೂಲಾಗುವುದೂ ಇಲ್ಲೇ.

ಶೊಟೊಕಾನಿನ ಲೆಕ್ಕದಲ್ಲಿ ಹೇಳುತ್ತೇನೆ. ಝೆನ್‌ಕುತ್ಸು ದಾಚಿ ಎಂಬ ನಿಲುವಿನಲ್ಲಿ ಮುಂದಿನ ಮಂಡಿ ಮಡಚಿ, ಹಿಂದಿನ ಕಾಲು ನೇರ. ಭಾರ ಸುಮಾರು ಅರುವತ್ತು ಪಾಲು ಮುಂದಕ್ಕೆ, ನಲವತ್ತು ಹಿಂದಕ್ಕೆ. ಎರಡು ಪಾದದ ನಡುವೆ ಭುಜದಷ್ಟು ಅಗಲ ಇರಬೇಕು. ಇಲ್ಲಿ ಆಗುವ ತಪ್ಪು ಮೂರು. ಒಂದು, ಎರಡೂ ಪಾದ ಒಂದೇ ಗೆರೆಯ ಮೇಲೆ. ಹಾಗೆ ನಿಂತವರನ್ನು ಬದಿಯಿಂದ ಬೆರಳಲ್ಲಿ ದೂಡಿದರೂ ಬೀಳುತ್ತಾರೆ. ಎರಡು, ಹಿಂದಿನ ಹಿಮ್ಮಡಿ ಮೇಲೇಳುವುದು. ಮೂರು, ಮುಂದಿನ ಮಂಡಿ ಒಳಗೆ ವಾಲುವುದು. ಮೂರನೆಯದನ್ನು ಮೊದಲು ಸರಿ ಮಾಡಿ. ಉಳಿದೆರಡರಿಂದ ಅಂಕ ಹೋದೀತು, ಇದರಿಂದ ಮಂಡಿಯೇ ಹೋದೀತು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಬೇಕು.

ಕೊಕುತ್ಸು ದಾಚಿ ಎಂಬ ನಿಲುವಿನಲ್ಲಿ ಭಾರ ಹಿಂದಕ್ಕೆ, ಸುಮಾರು ಎಪ್ಪತ್ತು ಪಾಲು. ದಣಿದ ಹಾಗೆ ಎಲ್ಲರ ಭಾರವೂ ಮುಂದಕ್ಕೆ ಜಾರುತ್ತದೆ. ಪರೀಕ್ಷೆ ಸುಲಭ. ನಿಂತಲ್ಲಿಂದ ಮೈ ಅಲುಗದೆ ಮುಂದಿನ ಕಾಲನ್ನು ಎತ್ತಿ ನೋಡಿ. ಎತ್ತಲಾಗದಿದ್ದರೆ ಭಾರ ತಪ್ಪಿದೆ.

ಪಂಚ್ ಹೊಡೆಯುವಾಗ ಎಲ್ಲರೂ ಹೋಗುವ ಕೈಯನ್ನೇ ನೋಡುತ್ತಾರೆ. ನೀವು ಹಿಂದೆ ಬರುವ ಕೈ ನೋಡಿ. ಅದು ಸೊಂಟಕ್ಕೆ ಬಂದು ಸೇರುವುದೂ ಪಂಚ್ ತಾಗುವುದೂ ಒಟ್ಟಿಗೇ ಆಗಬೇಕು. ಹೆಬ್ಬೆರಳು ಮುಷ್ಟಿಯ ಹೊರಗೆ ಇರಲಿ, ಒಳಗೆ ಸೇರಿಸಿದರೆ ಮುರಿಯುವುದು ಅದೇ. ತಾಗಬೇಕಾದದ್ದು ತೋರುಬೆರಳು, ನಡುಬೆರಳಿನ ಗೆಣ್ಣು. ಭುಜ ಕಿವಿಯ ಹತ್ತಿರಕ್ಕೆ ಏರುತ್ತಿದ್ದರೆ ಅಲ್ಲೇ ಒಂದು ಉಸಿರು ಬಿಟ್ಟು ಇಳಿಸಿ.

ತಿರುಗುವಾಗ ಜಾಗ್ರತೆ. ಬೆವರು ಆರಿದ ರಬ್ಬರ್ ಮ್ಯಾಟು ಪಾದವನ್ನು ಹಿಡಿದುಕೊಳ್ಳುತ್ತದೆ. ಮೈ ತಿರುಗಿ ಪಾದ ಅಲ್ಲೇ ಉಳಿದರೆ ಮಂಡಿ ತಿರುಚುತ್ತದೆ. ತಿರುಗುವ ಕಾಲಿನ ಭಾರವನ್ನು ಒಂದು ಕ್ಷಣ ಹಗುರ ಮಾಡಿಕೊಂಡು ತಿರುಗಿ. ಮಾವಾಶಿ ಗೇರಿಯಲ್ಲಿ ಬ್ಯಾಲೆನ್ಸ್ ಹೋಗುವುದಕ್ಕೂ ಹೆಚ್ಚಾಗಿ ಇದೇ ಕಾರಣ, ನಿಂತ ಕಾಲಿನ ಹಿಮ್ಮಡಿ ತಿರುಗಿರುವುದಿಲ್ಲ.

ತಿದ್ದಿದಾಗ ‘ಓಸ್’ (ಆಯಿತು ಅನ್ನುವ ಹಾಗೆ) ಅನ್ನಿ, ಮಾಡಿ ತೋರಿಸಿ. ‘ನಮ್ಮ ಕ್ಲಾಸಿನಲ್ಲಿ ಹೀಗೆ ಹೇಳಿಕೊಟ್ಟಿದ್ದಾರೆ’ ಅನ್ನುವ ಚರ್ಚೆ ಅಲ್ಲಿ ಬೇಡ. ಎರಡು ದಿನ ಅವರು ಹೇಳಿದ ಹಾಗೆ ಮಾಡಿ, ಆಮೇಲೆ ನಿಮ್ಮ ಮಾಸ್ಟ್ರ ಹತ್ತಿರ ಕೇಳಿ.

ಶಿಕ್ಷಕರು ಕೈಕಾಲು ಹಿಡಿದು ತಿದ್ದುವುದು ಕರಾಟೆಯಲ್ಲಿ ಮಾಮೂಲು. ಆದರೆ ‘ಮುಟ್ಟಿ ತೋರಿಸಲಾ?’ ಅಂತ ಕೇಳುವುದು ಅವರ ಜವಾಬ್ದಾರಿ. ಬೇಡ ಅನ್ನುವ ಹಕ್ಕು ಮಕ್ಕಳಿಗೂ ಉಂಟು. ಅದನ್ನು ಮನೆಯಲ್ಲೇ ಹೇಳಿ ಕಳಿಸಿ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098.

ಕಟಾ

ಒಂದೇ ಕಟಾ ಆರಿಸಿಕೊಳ್ಳಿ. ಸೀನಿಯರುಗಳು ಮಾಡುವ ದೊಡ್ಡ ಕಟಾ ನೋಡಿ ಆಸೆಯಾಗುತ್ತದೆ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಮನೆಯಲ್ಲಿ ಕಲಿಯುತ್ತೇವೆ ಅನ್ನುವವರೂ ಇದ್ದಾರೆ. ಕಲಿಯುವುದಿಲ್ಲ. ಹೇಯಾನ್ ಶೊದಾನಿನಲ್ಲಿ 21 ಎಣಿಕೆ, ಕಿಯಾಯ್ (ಜೋರಾದ ಕೂಗು) ಒಂಬತ್ತನೆಯದರಲ್ಲಿ ಮತ್ತು ಹದಿನೇಳನೆಯದರಲ್ಲಿ. ಶುರು ಮಾಡಿದ ಜಾಗಕ್ಕೇ ಬಂದು ಮುಗಿಯಬೇಕು. ನೆಲಕ್ಕೆ ಟೇಪಿನ ತುಂಡು ಅಂಟಿಸಿ ಮಾಡಿ ನೋಡಿ. ಬೇರೆಲ್ಲೋ ಮುಗಿದರೆ ನಿಮ್ಮ ಹೆಜ್ಜೆಗಳ ಉದ್ದ ಒಂದೇ ಸಮ ಇಲ್ಲ ಅಂತ ಅರ್ಥ. ಯಕ್ಷಗಾನದ ಹೆಜ್ಜೆ ಕಲಿತ ಮಕ್ಕಳಿಗೆ ಈ ದಿಕ್ಕಿನ ಅಂದಾಜು ಬೇಗ ಬರುತ್ತದೆ, ಇದು ನಾನು ಗಮನಿಸಿದ್ದು.

ಊಟ, ನೀರು

ಪುಟ್ಟು ಕಡಲೆ ರುಚಿ ಹೌದು, ಆದರೆ ಹೊಟ್ಟೆ ತುಂಬ ತಿಂದು ಅರ್ಧ ಗಂಟೆಗೆ ಒದೆಯಲು ನಿಂತರೆ ವಾಪಸು ಬರುತ್ತದೆ. ಅಭ್ಯಾಸಕ್ಕೆ ಎರಡು ಗಂಟೆ ಮೊದಲಾದರೆ ಪರವಾಗಿಲ್ಲ. ಬೆಳಗ್ಗೆ ಆರಕ್ಕೆ ಓಟ ಇದ್ದರೆ ಒಂದು ಬಾಳೆಹಣ್ಣು, ಅರ್ಧ ಲೋಟ ಚಾ ಸಾಕು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ನೀರೂ ಉಪ್ಪೂ ಒಟ್ಟಿಗೇ ಹೋಗುತ್ತದೆ. ಬಿರಿಯಾನಿ ಭಾನುವಾರ ಮುಗಿದ ಮೇಲೆ.

ಬಾಯಾರಿಕೆ ಆಗುವ ತನಕ ಕಾಯಬೇಡಿ. ಪ್ರತಿ ಬ್ರೇಕಿನಲ್ಲೂ ನಾಲ್ಕು ಗುಟುಕು. ಬೊಂಡ (ಎಳನೀರು), ಮಜ್ಜಿಗೆ ನೀರು, ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಎಲ್ಲ ಒಳ್ಳೆಯದೇ. ಒಆರ್‌ಎಸ್ ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸ ಇರಲಿ, ರಾಶಿ ಬೇಡ. ತಲೆ ತಿರುಗುವುದು, ಸೆಳೆತ, ವಾಕರಿಕೆ ಬಂದರೆ ಕೈ ಎತ್ತಿ ಹೊರಗೆ ಬನ್ನಿ, ನೆರಳಿನಲ್ಲಿ ಕೂತು ಗಿ ಸಡಿಲಿಸಿ. ಸೆಕೆಯಲ್ಲಿ ಯಾರಾದರೂ ತಲೆಬುಡ ಇಲ್ಲದ ಮಾತಾಡಲು ಶುರು ಮಾಡಿದರೆ ಮೈಗೆ ನೀರು ಹೊಯ್ದು, ಗಾಳಿ ಹಾಕುತ್ತಾ ಕೂಡಲೇ ಆಸ್ಪತ್ರೆಗೆ.

ಕುಮಿತೆ

ಹೊಸಬರಿಗೆ ಗೊಹೊನ್ ಕುಮಿತೆ, ಅಂದರೆ ಐದು ಹೆಜ್ಜೆಯದ್ದು. ಆಮೇಲೆ ಮೂರು, ಒಂದು. ಮುಕ್ತ ಸ್ಪಾರಿಂಗ್ ಕೊನೆಗೆ. ಸ್ಪರ್ಧೆಯ ಅಂಕ ಹೀಗೆ: ಪಂಚಿಗೆ ಯುಕೊ 1, ಹೊಟ್ಟೆ ಬೆನ್ನಿಗೆ ಬಿದ್ದ ಒದೆಗೆ ವಾಜಾ ಆರಿ 2, ತಲೆಯ ಎತ್ತರದ ಒದೆಗೆ ಇಪ್ಪೊನ್ 3. ಬಿದ್ದ ಎದುರಾಳಿಗೆ ಸರಿಯಾಗಿ ಹೊಡೆದರೂ 3. ಕಣ 8 ಮೀಟರ್ ಚೌಕ. ಕ್ಯಾಂಪಿನಲ್ಲಿ ಅಂಕಕ್ಕಾಗಿ ಆಡಬೇಡಿ. ಎದುರಿನವರಿಗೆ ತಾಗುವ ಮೊದಲು ಕೈ ನಿಲ್ಲಿಸಲು ಬರುತ್ತದಾ ಅಂತ ನೋಡಿಕೊಳ್ಳಲು ಇದೇ ಜಾಗ.

ನಿಮಗಿಂತ ತುಂಬ ದೊಡ್ಡ ಮೈಯವರ ಎದುರು ನಿಲ್ಲಿಸಿದರೆ ‘ಬೇಡ ಸರ್’ ಅನ್ನಬಹುದು. ಮರ್ಯಾದೆ ಹೋಗುವುದಿಲ್ಲ. ತಲೆಗೆ ಪೆಟ್ಟು ಬಿದ್ದವರು ಆ ದಿನ ಮತ್ತೆ ಕಣಕ್ಕೆ ಇಳಿಯಬಾರದು. ಸರಿಯಾಗಿದ್ದೇನೆ ಅಂತ ಎಷ್ಟೇ ಹೇಳಿದರೂ ಇಳಿಸಬಾರದು. ವಾಂತಿ, ಜಾಸ್ತಿಯಾಗುವ ತಲೆನೋವು, ಮಂಪರು, ಹೇಳಿದ್ದನ್ನೇ ಹೇಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವ ತನಕ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನಮ್ಮ ಕಡೆ ದೊಡ್ಡ ಪೆಟ್ಟು ಅಂದರೆ ಮಂಗಳೂರಿಗೆ ಓಡುವುದು ರೂಢಿ. ಆದರೆ ಮೊದಲು ಹತ್ತಿರದ ಆಸ್ಪತ್ರೆಗೆ ತೋರಿಸಿ, ಕಾಸರಗೋಡು ಪೇಟೆಯಲ್ಲಿ ಸರಕಾರಿ ಜನರಲ್ ಆಸ್ಪತ್ರೆ ಉಂಟು. ಪಾದ ಉಳುಕಿದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ಕಾಲು ಎತ್ತರಕ್ಕೆ. ಎಣ್ಣೆ ಹಾಕಿ ತಿಕ್ಕುವುದು ಆ ದಿನ ಬೇಡ.

ರಾತ್ರಿ

ಥಿಯರಿ ಕ್ಲಾಸಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಕರಾಟೆ ಬೆಳೆದದ್ದು ಒಕಿನಾವಾ ದ್ವೀಪದಲ್ಲಿ. ಶೊಟೊಕಾನಿನ ಗಿಚಿನ್ ಫುನಕೋಶಿ 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶನ ಕೊಟ್ಟರು, ಅಲ್ಲಿಂದ ಜಪಾನಿನ ಮುಖ್ಯ ಭೂಮಿಯಲ್ಲಿ ಹರಡಿತು. ಬಿಳಿ ಬಟ್ಟೆ, ದಾನ್ (ಬ್ಲ್ಯಾಕ್ ಬೆಲ್ಟಿನ ದರ್ಜೆ) ಪದ್ಧತಿ ಬಂದದ್ದು ಜುಡೊದಿಂದ. ಗೊಜು ರ್ಯು ಚೋಜುನ್ ಮಿಯಾಗಿಯವರದ್ದು, ಶಿತೊ ರ್ಯು ಕೆನ್ವಾ ಮಬುನಿ, ವಾಡೊ ರ್ಯು ಹಿರೊನೊರಿ ಒತ್ಸುಕಾ. ಒಲಿಂಪಿಕ್ಸಿನಲ್ಲಿ ಒಂದೇ ಸಲ, ಟೋಕಿಯೋ 2020ರಲ್ಲಿ. ಅದು ನಡೆದದ್ದು 2021ರಲ್ಲಿ. ಪ್ಯಾರಿಸ್ 2024ರಲ್ಲಿ ಇರಲಿಲ್ಲ.

ಮಲಗುವ ಮೊದಲು ಎರಡು ಕೆಲಸ. ಆ ದಿನ ಯಾರು ಏನು ತಿದ್ದಿದರು ಅಂತ ನಾಲ್ಕು ಸಾಲು ಬರೆಯಿರಿ, ಬೆಳಿಗ್ಗೆಗೆ ಮರೆತಿರುತ್ತದೆ. ಕಾಲು ತೊಳೆದು ಒರೆಸಿ, ಬೊಕ್ಕೆ ಎದ್ದಿದ್ದರೆ ಒಡೆಯದೆ ಬ್ಯಾಂಡೇಜು ಹಾಕಿ. ಮತ್ತೆ ನಿದ್ದೆ. ಹನ್ನೆರಡರ ತನಕ ಪಟ್ಟಾಂಗ ಹೊಡೆದವರ ಗತಿ ಭಾನುವಾರ ಬೆಳಿಗ್ಗೆ ಗೊತ್ತಾಗುತ್ತದೆ.

ಭಾನುವಾರ

ಏಳುವಾಗ ತೊಡೆ ಬಿಗಿದಿರುತ್ತದೆ. ಹಾಗಾಗಿ ವಾರ್ಮ್ ಅಪ್ ತಪ್ಪಿಸಬೇಡಿ, ಇವತ್ತು ಅದು ನಿನ್ನೆಗಿಂತ ಮುಖ್ಯ. ಕೆಲವು ಕ್ಯಾಂಪಿನಲ್ಲಿ ಬೇಕಲದ ಕಡಲಕರೆಗೋ ಮಂಜೇಶ್ವರದ ಕಣ್ವತೀರ್ಥಕ್ಕೋ ಕರೆದುಕೊಂಡು ಹೋಗುತ್ತಾರೆ. ಫೋಟೋಕ್ಕೆ ಚೆಂದ. ಒಣ ಮರಳಿನಲ್ಲಿ ಪಾದ ಹೂತು ಮೀನಖಂಡ ಎಳೆಯುತ್ತದೆ, ಹಿಮ್ಮಡಿಯ ನರಕ್ಕೂ ಭಾರ. ನೀರು ಇಳಿದ ಗಟ್ಟಿ ಮರಳಿನ ಪಟ್ಟಿಯಲ್ಲಿ ಮಾಡಿ. ಸೊಂಟದ ಮಟ್ಟದ ನೀರಿಗೆ ಇಳಿಸಿ ಪಂಚ್ ಹೊಡೆಸುವವರೂ ಇದ್ದಾರೆ, ನನ್ನ ಪ್ರಕಾರ ಮಕ್ಕಳಿಗೆ ಅದು ಬೇಡವೇ ಬೇಡ. ನಮ್ಮ ಕಡಲು ಯಾವಾಗ ಎಳೆಯುತ್ತದೆ ಹೇಳಲಿಕ್ಕಾಗದು. ಮೇ ತಿಂಗಳಲ್ಲೋ ಅಕ್ಟೋಬರಿನಲ್ಲೋ ಗುಡುಗು ಕೇಳಿಸಿದರೆ ಮೈದಾನವಾಗಲಿ ಕಡಲಕರೆಯಾಗಲಿ ಆಗಲೇ ಬಿಟ್ಟು ಕಟ್ಟಡದೊಳಗೆ ಹೋಗಿ.

ಕಾಯುವ ತಂದೆತಾಯಿಗಳು ಅಭ್ಯಾಸದ ಬದಿಯಲ್ಲಿ ನಿಂತು ‘ಕಾಲು ಎತ್ತು ಮಗಾ’ ಅಂತ ಕೂಗಬೇಡಿ. ಬೇಕಲದಲ್ಲಾದರೆ ಕೋಟೆ ನೋಡಿ ಬನ್ನಿ. ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅನ್ನುತ್ತಾರೆ, ಕೇರಳದಲ್ಲೇ ದೊಡ್ಡ ಕೋಟೆ.

ಗ್ರೇಡಿಂಗ್ ಇದ್ದರೆ ಒಂದು ವಿಚಾರ. ಎರಡು ದಿನ ದಣಿದ ಮೈಯಲ್ಲಿ ಪರೀಕ್ಷೆ ಕೊಡುವುದು ಎಲ್ಲರಿಗೂ ಆಗದು. ಮನೆಯಿಂದ ಹೊರಡುವಾಗಲೇ ತೀರ್ಮಾನ ಮಾಡಿ. ಅಲ್ಲಿ ಗೆಳೆಯರು ಹೆಸರು ಕೊಟ್ಟರು ಅಂತ ಕೊನೆಗಳಿಗೆಯಲ್ಲಿ ಹೆಸರು ಕೊಡುವುದು ಬೇಡ.

ಮನೆಗೆ ಬಂದ ಮೇಲೆ

ಸೋಮವಾರಕ್ಕಿಂತ ಮಂಗಳವಾರ ನೋವು ಜಾಸ್ತಿ ಇರುವುದು ಸಹಜ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಹಗುರವಾಗಿ ನಡೆದಾಡಿ, ಬಿಸಿನೀರು ಸ್ನಾನ ಮಾಡಿ. ಮೂತ್ರ ಕಪ್ಪು ಚಾದ ಬಣ್ಣಕ್ಕೆ ತಿರುಗಿ ಮೈಕೈ ವಿಪರೀತ ನೋಯುತ್ತಿದ್ದರೆ ಅದು ಬರೀ ದಣಿವಲ್ಲ, ಅದೇ ದಿನ ಡಾಕ್ಟರಿಗೆ ತೋರಿಸಿ.

ಬುಧವಾರದಿಂದ ನೋಟ್ ಪುಸ್ತಕ ತೆಗೆಯಿರಿ. ಬರೆದದ್ದರಲ್ಲಿ ಒಂದನ್ನು ಮಾತ್ರ ಹಿಡಿದು ದಿನಕ್ಕೆ ಹತ್ತು ನಿಮಿಷ, ಒಂದು ತಿಂಗಳು. ಅಂಗಳದಲ್ಲೋ ಜಗಲಿಯಲ್ಲೋ ಸಾಕು. ಕ್ಯಾಂಪಿಗೆ ಮೊದಲಿನ ಒಂದು ವಿಡಿಯೋ, ತಿಂಗಳಾದ ಮೇಲಿನ ಒಂದು ವಿಡಿಯೋ ಅಕ್ಕಪಕ್ಕ ಇಟ್ಟು ನಿಮ್ಮ ಮಾಸ್ಟ್ರಿಗೆ ತೋರಿಸಿ.

ಗಿಯನ್ನು ಚೀಲದಿಂದ ಭಾನುವಾರ ರಾತ್ರಿಯೇ ತೆಗೆಯಬೇಕು. ಒಂದು ದಿನ ಬಿಟ್ಟರೆ ಕರಿ ಚುಕ್ಕೆ ಬರುತ್ತದೆ, ಆಮೇಲೆ ಯಾವ ಸಾಬೂನಿಗೂ ಹೋಗದು. ತಣ್ಣೀರಿನಲ್ಲಿ ನೆನೆಸಿ ಒಗೆಯಿರಿ, ರಕ್ತದ ಕಲೆ ಇದ್ದರೆ ಬಿಸಿನೀರು ಹಾಕಲೇಬೇಡಿ. ಬೆಲ್ಟ್ ಒಗೆಯಬಾರದು ಅನ್ನುವ ನಂಬಿಕೆ ಕೆಲವರಿಗೆ. ನಮ್ಮ ಸೆಕೆಯಲ್ಲಿ ಆ ನಂಬಿಕೆ ಬಿಡುವುದೇ ವಾಸಿ. ಕೈಯಲ್ಲಿ, ಬೇರೆಯಾಗಿ ಒಗೆಯಿರಿ, ಇಲ್ಲದಿದ್ದರೆ ಹಸಿರು ಬಣ್ಣ ಬಿಳಿ ಗಿಗೆ ಹತ್ತುತ್ತದೆ. ಗ್ಲೌಸ್, ಶಿನ್ ಗಾರ್ಡುಗಳನ್ನು ಒರೆಸಿ ಗಾಳಿಗೆ ಹರವಿ. ಮಳೆಗಾಲವಾದರೆ ಒಲೆಯ ಹತ್ತಿರ ಒಣಗಿಸಿ, ಆದರೆ ಹೊಗೆ ತಾಗದ ಹಾಗೆ. ಇಲ್ಲದಿದ್ದರೆ ಮುಂದಿನ ಕ್ಲಾಸಿನಲ್ಲಿ ನಿಮ್ಮ ಪಕ್ಕ ಯಾರೂ ನಿಲ್ಲುವುದಿಲ್ಲ.